ಗೋಡೆಯ ಆಚೆಗಿನ ಜಾಗ

ನನ್ನ ಬಾಯಿ ಜೋರು ಎಂದು ಕಡಬದ ಸಂತೆಯಲ್ಲೂ ಹೇಳುತ್ತಾರೆ. ಹೇಳಲಿ. ಊರಿಗೆಲ್ಲ ಎಲುಬಿಲ್ಲದ ನಾಲಿಗೆ ಇರುವಾಗ ನನಗೊಬ್ಬಳಿಗೆ ಯಾಕೆ ಇರಬಾರದು? ಆದರೆ ಎಪ್ಪತ್ತೆಂಟರ ಜುಲೈಯಲ್ಲಿ, ಆಟಿ ತಿಂಗಳ ಮಳೆಗೆ, ನಮ್ಮ ಇನಾಸ ಹೋದಾಗ ನನಗೂ ಮಾತು ಹೊರಡಲಿಲ್ಲ.

ಇನಾಸ, ಸೆವ್ರಿನ್ ಇಬ್ಬರೂ ನನ್ನ ತಂಗಿಯ ಮಕ್ಕಳು. ತಂಗಿಯೂ ಅವಳ ಗಂಡನೂ ಒಂದೇ ವರ್ಷದಲ್ಲಿ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ನಾನು ಮತ್ತು ನನ್ನ ಗಂಡ ಪಾಸ್ಕಲರು ಅವರನ್ನು ಸಾಕಿದೆವು. ಆಮೇಲೆ ಪಾಸ್ಕಲರೂ ಹೋದರು. ಇನಾಸನಿಗೆ ಹದಿನೇಳು. ಎಸ್ಸೆಸ್ಸೆಲ್ಸಿ ಎರಡನೇ ಸಲ ಫೇಲಾದ ಮೇಲೆ ಹುಡುಗ ಊಟ, ಮಾತು, ನಗು ಎಲ್ಲವನ್ನೂ ಬಿಟ್ಟ. ಪುತ್ತೂರಿಗೆ ಕರೆದುಕೊಂಡು ಹೋಗಿ ಡಾಕ್ಟರರಿಗೆ ತೋರಿಸಿದೆ. ರಕ್ತ ಕಡಿಮೆ ಎಂದು ಟಾನಿಕ್ ಕೊಟ್ಟರು. ಮನಸ್ಸಿಗೂ ಜ್ವರ ಬರುತ್ತದೆ ಎಂದು ಆಗ ನಮಗೆ ಹೇಳುವವರು ಯಾರಿದ್ದರು? ಬಾಟಲಿ ಮುಗಿಯುವ ಮೊದಲೇ ಅವನು ತನ್ನ ಜೀವ ತಾನೇ ತೆಗೆದುಕೊಂಡ.

ಹಾಗೆ ಸತ್ತವರಿಗೆ ನಮ್ಮ ಇಗರ್ಜಿಯಲ್ಲಿ ಆಗ ಗಂಟೆ ಬಾರಿಸುತ್ತಿರಲಿಲ್ಲ. ಪೂಜೆ ಇಲ್ಲ, ಪಾದ್ರಿಗಳ ಪ್ರಾರ್ಥನೆ ಇಲ್ಲ, ಆಶೀರ್ವದಿಸಿದ ಮಣ್ಣಿನಲ್ಲಿ ಜಾಗವೂ ಇಲ್ಲ. ಸ್ಮಶಾನದ ಗೋಡೆಯ ಆಚೆ, ಗೇರುಮರದ ಬುಡದಲ್ಲಿ, ಕೂಲಿಗೆ ಬರುವ ಬೋಜ ಗುಂಡಿ ತೋಡಿದ. ನಾವು ನಾಲ್ಕು ಜನ ನಿಂತು ಮಣ್ಣು ಹಾಕಿದೆವು. ಅಷ್ಟೇ.

ಸೆವ್ರಿನ್ ಅಳಲಿಲ್ಲ. ಹದಿನೈದರ ಹುಡುಗಿ, ಶಾಲೆ ಬಿಟ್ಟು ಹಿಂಬಾಗಿಲ ಮೆಟ್ಟಿಲಲ್ಲಿ ಕೂತುಬಿಟ್ಟಳು. ಧೈರ್ಯ ಹೇಳಲು ಜನ ಬಂದರು. ಅಯ್ಯೋ, ಅವರ ಧೈರ್ಯವೇ! ಒಬ್ಬಳು, ಅಳುವುದು ವಿಶ್ವಾಸ ಇಲ್ಲದವರ ಲಕ್ಷಣ, ಜಪಸರ ಹಿಡಿ ಎಂದಳು. ಹುಡುಗಿ ಅಳುತ್ತಲೇ ಇರಲಿಲ್ಲ. ಇನ್ನೊಬ್ಬಳು, "ಅವನಂತೂ ನರಕಕ್ಕೆ ಹೋದ, ನೀನಾದ್ರೂ ಒಳ್ಳೆ ಮಾರ್ಗದಲ್ಲಿ ನಡಿ ಮಗಾ," ಎಂದಳು. "ನರಕಕ್ಕೆ ಹೋಗಿ ನೋಡಿ ಬಂದದ್ದಾ ನೀನು? ಏಳು, ಹೊರಗೆ ನಡಿ," ಎಂದು ಅವಳನ್ನು ಅರ್ಧ ಕುಡಿದ ಕಾಫಿಯಿಂದ ಎಬ್ಬಿಸಿ ಕಳಿಸಿದೆ. ಪಕ್ಕದ ಮನೆಯ ಆಸ್ಯಮ್ಮ ಮಾತ್ರ ಉಪದೇಶ ಹೇಳಲಿಲ್ಲ. ಸಂಜೆ ಬಂದು ಹುಡುಗಿಯ ತಲೆಗೆ ಎಣ್ಣೆ ಹಾಕಿ, ಬಾಚಿ, ಸುಮ್ಮನೆ ಹೋಗುತ್ತಿದ್ದಳು.

ಅಕ್ಟೋಬರ್ ಮುಗಿಯುವಾಗ ಒಂದು ಬೆಳಿಗ್ಗೆ ಸೆವ್ರಿನ್ ತಾನಾಗಿ ಬಾಯಿ ತೆರೆದಳು.

"ಮಾವ್ಶಿ," ಎಂದಳು. ದೊಡ್ಡಮ್ಮನಿಗೆ ನಮ್ಮ ಕೊಂಕಣಿಯಲ್ಲಿ ಹಾಗೆ ಕರೆಯುವುದು. "ಇನಾಸನಿಗೆ ಕತ್ತಲೆಯಲ್ಲಿ ಒಬ್ಬನೇ ಇರ್ಲಿಕ್ಕೆ ಹೆದರಿಕೆ. ದೊಡ್ಡವನಾದ ಮೇಲೂ ರಾತ್ರಿ ಹೊರಗೆ ಹೋಗುದಾದ್ರೆ ನನ್ನನ್ನು ಏಳಿಸ್ತಿದ್ದ, ನಿಮಗೆ ಗೊತ್ತುಂಟಾ?"

"ಇಲ್ಲ ಮಗಾ."

"ಅಲ್ಲಿ ಅವನ ಹತ್ತಿರ ಯಾರೂ ಇಲ್ಲ." ಮತ್ತೆ ಕೇಳಿದಳು, "ನಾನೂ ಅವನ ಹಾಗೆ ಮಾಡಿದ್ರೆ ನನ್ನನ್ನೂ ಅಲ್ಲಿಯೇ ಹಾಕ್ತಾರಲ್ಲ?"

ಆ ದಿನದಿಂದ ಅವಳನ್ನು ಕಣ್ಣಿನಿಂದ ದೂರ ಬಿಡಲಿಲ್ಲ. ನಾನು ಕೊಟ್ಟಿಗೆಗೆ ಹೋದರೆ ಅವಳೂ ಬರಬೇಕು, ಬಾವಿಗೆ ಹೋದರೂ ಬರಬೇಕು. ಆದರೆ ಎಷ್ಟು ದಿನ ಹೀಗೆ ಕಾಯುವುದು? ಅವಳ ತಲೆಯಲ್ಲಿದ್ದದ್ದು ಒಂದೇ: ಅಣ್ಣನಿಗೆ ಜೊತೆ ಬೇಕು. ಅದಕ್ಕೆ ಉತ್ತರ ಕೊಡದಿದ್ದರೆ ಹುಡುಗಿ ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

ನವೆಂಬರ್ ಎರಡು ನಮ್ಮಲ್ಲಿ ಸತ್ತವರ ದಿನ. ಸಂಜೆ ಎಲ್ಲ ಮನೆಯವರೂ ತಮ್ಮ ತಮ್ಮ ಗೋರಿ ಗುಡಿಸಿ, ಹೂವಿಟ್ಟು, ಮೋಂಬತ್ತಿ ಹಚ್ಚುತ್ತಾರೆ. ಪಾದ್ರಿಗಳು ತೀರ್ಥ ಚಿಮುಕಿಸುತ್ತ ಒಂದೊಂದೇ ಗೋರಿಗೆ ಬರುತ್ತಾರೆ. ಸೆವ್ರಿನಳ ಕೈ ಹಿಡಿದುಕೊಂಡು ನಾನು ಪಾಸ್ಕಲರ ಗೋರಿಯ ಹತ್ತಿರ ನಿಂತಿದ್ದೆ. ಅದರ ಬಲಗಡೆಯ ಜಾಗ ನನ್ನದು ಎಂದು ಅವರೇ ಬದುಕಿರುವಾಗ ಹೇಳಿಟ್ಟಿದ್ದರು. ಹುಡುಗಿ ಗೋಡೆಯ ಆಚೆಯೇ ನೋಡುತ್ತಿದ್ದಳು. ಅಲ್ಲಿ ದೀಪವಿರಲಿಲ್ಲ.

ಪಾದ್ರಿಗಳು ನಮ್ಮಲ್ಲಿಗೆ ಬಂದರು. ವಯಸ್ಸಾದವರು, ಕೆಟ್ಟವರಲ್ಲ, ನಿಯಮಕ್ಕೆ ಹೆದರುವವರು.

"ಫಾದರ್, ಒಂದು ಮಾತು," ಎಂದೆ. "ಈ ಜಾಗ ಬೇರೆ ಯಾರಿಗಾದ್ರೂ ಕೊಡಿ. ನಾನು ಸತ್ತಾಗ ನನ್ನನ್ನು ಗೋಡೆಯ ಆಚೆ ಇನಾಸನ ಹತ್ತಿರ ಹಾಕಿ."

ಸುತ್ತಲಿನವರ ಪ್ರಾರ್ಥನೆ ನಿಂತುಹೋಯಿತು.

"ಎಂತ ಮಾತಾಡ್ತೀರಿ ಮೊಂತಿನ್ ಬಾಯಿ? ಅದು ಆಶೀರ್ವಾದ ಆದ ಮಣ್ಣಲ್ಲ."

"ಯೇಸುವನ್ನು ಊರಿನ ಹೊರಗೆ ಕೊಂದದ್ದಲ್ವಾ ಫಾದರ್? ಆ ಮಣ್ಣಿಗೆ ಯಾವ ಪಾದ್ರಿ ಆಶೀರ್ವಾದ ಮಾಡಿದ್ರು? ದೇವರು ಯಾಕೆ ನನ್ನ ಕೈ ಬಿಟ್ಟ ಅಂತ ಶಿಲುಬೆಯಲ್ಲಿ ಯೇಸುವೂ ಕೂಗಿದ್ದಾರೆ. ನನ್ನ ಇನಾಸನ ಸಂಕಟ ಅವರಿಗಲ್ಲದೆ ಮತ್ತೆ ಯಾರಿಗೆ ಗೊತ್ತಾಗುದು?"

"ಸಮಯ ಬಂದಾಗ ನೋಡುವ," ಎಂದರು.

"ನನಗೆ ಅವಸರ ಇಲ್ಲ. ಉತ್ತರ ಇವಳಿಗೆ ಬೇಕಾದದ್ದು. ಇವತ್ತೇ ಬೇಕು."

ಪಾದ್ರಿಗಳು ಸೆವ್ರಿನಳ ಮುಖ ನೋಡಿದರು. ಅವಳ ಕಣ್ಣು ಗೋಡೆಯ ಆಚೆಯೇ ಇತ್ತು. ಅವರಿಗೆ ಅರ್ಥವಾಯಿತು. "ಆಯ್ತು," ಎಂದರು. "ಅಷ್ಟರವರೆಗೆ ನಾನು ಬದುಕಿದ್ರೆ ನಾನೇ ಬಂದು ಅಲ್ಲಿ ಪ್ರಾರ್ಥನೆ ಹೇಳ್ತೇನೆ. ಇಬ್ಬರಿಗೂ."

ಕೂತು ಪಾಸ್ಕಲರ ಕಲ್ಲಿನ ಮೇಲೆ ಕೈಯಿಟ್ಟೆ. ಒಂದೇ ಚಾಪೆಯಲ್ಲಿ ಮೂವತ್ತು ವರ್ಷ ಮಲಗಿದವರು, ಇನ್ನು ಅವರ ಪಕ್ಕದಲ್ಲಿ ಮಲಗಲಿಕ್ಕಿಲ್ಲ. ಸಂಕಟವಾಗಲಿಲ್ಲ ಎಂದರೆ ಸುಳ್ಳು. ತಪ್ಪು ತಿಳಿಯಬೇಡಿ ಮಾರಾಯ್ರೆ, ಹುಡುಗ ಒಬ್ಬನೇ ಇದ್ದಾನೆ ಎಂದು ಅವರಿಗೆ ಹೇಳಿ ಎದ್ದೆ.

ಗೇರುಮರದ ಬುಡದಲ್ಲಿ ಸೆವ್ರಿನಳೇ ಮೋಂಬತ್ತಿ ಹಚ್ಚಿದಳು. ಗಾಳಿಗೆ ಆರಿತು. ಮತ್ತೆ ಹಚ್ಚಿದಳು.

"ನೀವು ಬರುವವರೆಗೆ ಇವನ ಹತ್ತಿರ ಯಾರು?" ಎಂದು ಕೇಳಿದಳು.

"ಯೇಸು ಇದ್ದಾರೆ. ಅವರಿಗೂ ಈ ಕತ್ತಲೆ ಗೊತ್ತುಂಟು. ಆಮೇಲೆ ಹೇಗೂ ನಾನು ಬರ್ತೇನಲ್ಲ. ನಿನ್ನ ಅಣ್ಣನನ್ನು ನೋಡಿಕೊಳ್ಳುದು ಮುದುಕಿಯ ಕೆಲಸ, ನಿನ್ನದಲ್ಲ."

ಅವಳು ಮಣ್ಣಿನ ಮೇಲೆ ಕವುಚಿ ಬಿದ್ದು ಅತ್ತಳು. ಮೂರು ತಿಂಗಳಿಂದ ಕಟ್ಟಿಟ್ಟಿದ್ದ ಅಳು. ನಾನು ತಡೆಯಲಿಲ್ಲ. ವಿಶ್ವಾಸ ಇಲ್ಲದವಳು ಎಂದು ಹೇಳುವವರು ಹೇಳಿಕೊಳ್ಳಲಿ.

ವಾಪಸು ಬರುವಾಗ ಅವಳು ನನ್ನ ತೋಳು ಹಿಡಿದುಕೊಂಡು ನಡೆದಳು. ಗದ್ದೆಯ ಬದುವಿನ ಮೇಲೆ, ಕಟ್ಟಪುಣಿಯ ನಡುವೆ ನಿಂತಳು.

"ಮಾವ್ಶಿ, ನೀವು ಅಲ್ಲಿಗೆ ಬೇಗ ಹೋಗ್ಬೇಡಿ. ನನಗೂ ಜೊತೆ ಬೇಕು."