ಪಾಂಡವರ ಮನೆಯ ಕಂಡಿ

ಬೆಳಕಿನ ಬಿಲ್ಲೆಯೊಂದು ಮೊಣಕಾಲಿನ ಮೇಲೆ ಬಂದು ಕೂತಿದೆ, ಬೆಳ್ಳಿ ರೂಪಾಯಿಗಿಂತ ದೊಡ್ಡದು, ಅಕ್ಕಿರೊಟ್ಟಿಗಿಂತ ಸಣ್ಣದು, ಈಗಷ್ಟೇ ತೊಡೆಯ ಮೇಲಿತ್ತು, ಯಾವಾಗ ಜಾರಿತು — ಟೆಂಟ್ ಟಾಕೀಸಿನಲ್ಲಿ ಹಿಂದಿನ ಮೆಷಿನ್ ಪೆಟ್ಟಿಗೆಯಿಂದ ಬೀಡಿ ಹೊಗೆ ಸೀಳಿಕೊಂಡು ಬರುತ್ತದಲ್ಲ, ಥೇಟ್ ಅದೇ, ಹೊಗೆಯ ಬದಲು ಇಲ್ಲಿ ಧೂಳು, ಪರದೆಯ ಬದಲು ಪೂವಯ್ಯನ ಖಾಕಿ ಚಡ್ಡಿ, ಟಿಕೆಟ್ ಮಾತ್ರ ಪುಕ್ಕಟೆ. ಪಾಂಡವರ ಮನೆಯೊಳಗೆ ಕಾಲು ಮಡಚಿ ಕೂತು ಅರ್ಧ ಗಂಟೆಯಾಗಿರಬೇಕು, ನಾಲ್ಕು ಕಡೆ ನಾಲ್ಕು ಚಪ್ಪಡಿ, ತಲೆಯ ಮೇಲೆ ಇನ್ನೊಂದು, ಆನೆ ಮಲಗಿದ ಹಾಗೆ, ಹೊರಗೆ ಸುತ್ತಲೂ ಆಳೆತ್ತರದ ಕಲ್ಲುಗಳು, ಕಾಫಿ ಗಿಡಗಳ ನಡುವೆ ರಜೆ ಕೇಳಲು ಬಂದು ನಿಂತ ಆಳುಗಳಂತೆ, ಎಷ್ಟು ಸಾವಿರ ವರ್ಷದಿಂದ ಯಾವ ದೊರೆಯ ಹತ್ತಿರ ರಜೆ ಕೇಳುತ್ತಿವೆಯೋ — ಹಿಂದಿನ ಚಪ್ಪಡಿಯ ಮೂಲೆ ಮುರಿದು ನರಿ ನುಗ್ಗುವಷ್ಟು ಸಂದು, ಅದರಲ್ಲಿ ನುಸುಳಿ ಬಂದ, ಅಂಗಿ ಹರಿಯಿತು, ಹರಿಯಲಿ. ಮುಂದಿನ ಚಪ್ಪಡಿಯಲ್ಲಿ ಈ ಕಂಡಿ, ಬಳೆಯಂತೆ ದುಂಡಗೆ. ಯಾಕೆ ಕೊರೆದರೋ. ಬಾಗಿಲೆಂದರೆ ಪಾಂಡವರೇನು ಬೆಕ್ಕುಗಳೇ, ಭೀಮ ಇರಲಿ, ಭೀಮನ ಹೊಟ್ಟೆಯ ಹೊಕ್ಕುಳೂ ಇದರಲ್ಲಿ ತೂರುವುದಿಲ್ಲ, ಕಿಟಕಿಯೆಂದರೆ ಸೊಂಟದ ಕೆಳಗೆ ಯಾರು ಕಿಟಕಿ ಇಡುತ್ತಾರೆ, ಹೊಗೆ ಹೋಗಲೆಂದರೆ ಮೇಲಿರಬೇಕಿತ್ತು, ನೀರು ಹೋಗಲೆಂದರೆ ಇನ್ನೂ ಕೆಳಗಿರಬೇಕಿತ್ತು. ಕಲ್ಲಿಗೆ ಕಲ್ಲು ಉಜ್ಜಿ ಉಜ್ಜಿ ಎಷ್ಟು ದಿನ ಕೂತಿರಬೇಕು ಒಬ್ಬ, ಹೆಂಡತಿ ಊಟಕ್ಕೆ ಕರೆದರೂ ಏಳದೆ. ಬೆರಳು ಚಾಚಿ ಅಂಚು ಸವರುತ್ತಾನೆ, ಮೇಲೆ ಒರಟು, ಬದಿಗಳಲ್ಲಿ ಒರಟು, ಕೆಳಗಿನ ಅಂಚು ಮಾತ್ರ ನುಣುಪು, ಬಾವಿಕಟ್ಟೆಯ ಕಲ್ಲು ಹಗ್ಗಕ್ಕೆ ಸವೆದ ಹಾಗೆ — ಇಲ್ಲಿ ಯಾವ ಹಗ್ಗ, ಯಾವ ನೀರು, ಕಂಡಿಯ ಕೆಳಗೆ ಇರುವೆಗಳ ಒಂದು ಸಾಲು, ಅವೂ ಏನನ್ನೋ ಹುಡುಕುತ್ತಿವೆ.

ಹೋದ ವರ್ಷ ಮಡಿಕೇರಿಯಿಂದ ಒಬ್ಬರು ಸಾಹೇಬರು ಬಂದಿದ್ದರು, ದಪ್ಪ ಕನ್ನಡಕ, ಕೈಯಲ್ಲಿ ಟೇಪು, ತೋಟದ ಜೀಪಿನಲ್ಲಿ ಕರೆತಂದದ್ದು, ಜೀಪಿನ ಕ್ಲೀನರ್ ಅಂದಮೇಲೆ ಟೇಪಿನ ಇನ್ನೊಂದು ತುದಿ ಹಿಡಿಯುವವನು ಪೂವಯ್ಯನೇ. ಮೂರು ಸಾವಿರ ವರ್ಷ ಆಗಿರಬಹುದು, ಪಾಂಡವರಲ್ಲ, ಯಾರೋ ಹಳಬರು ತಮ್ಮ ಸತ್ತವರಿಗೆ ಕಟ್ಟಿದ ಮನೆ, ಅಂದರು. ಹಾಗಾದರೆ ಈ ಕಂಡಿ ಯಾಕೆ ಸಾರ್, ಸತ್ತವರಿಗೆ ಸೆಕೆಯಾ, ಎಂದು ಇವನು ಕೇಳಿದ್ದಕ್ಕೆ ನಗಲಿಲ್ಲ, ಅದೊಂದು ಗೊತ್ತಿಲ್ಲ ನೋಡಪ್ಪ, ಅಂದು ಕಾಫಿ ಕುಡಿದು ಹೋದರು. ಅಷ್ಟು ಓದಿದವರಿಗೂ ಗೊತ್ತಿಲ್ಲ. ಅವತ್ತಿನಿಂದ ಅದು ಹಲ್ಲಿಗೆ ಸಿಕ್ಕ ಅಡಿಕೆ ಚೂರು, ನಾಲಗೆ ಹೋಗಿ ಹೋಗಿ ಅಲ್ಲೇ ತಡಕುತ್ತದೆ. ಇವತ್ತು ಈ ಮನೆ ಬಿದ್ದರೆ ಪ್ರಶ್ನೆಯೂ ಬಿತ್ತು, ಬೀಳಿಸುವುದು ಯಾರು, ಇದೇ ಹಾಳು ಬಾಯಿ — ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯ ಹತ್ತಿರ ತೋಡು ದಾಟುವ ಮರದ ಸಂಕ ಕೊಳೆತು ಮುರಿದ ದಿನ, ತೋಟದ ಲೆಕ್ಕ ಬರೆಯುವ ರೈಟರ್ ನಾಣಯ್ಯ ಮಾವ ತಲೆ ಕೆರೆಯುತ್ತಾ ನಿಂತಿದ್ದಾಗ, ಕಾಫಿ ಪಿಕ್ಕಿಂಗಿಗೆ ಹೊರಟ ಹೆಂಗಸರು ನಗಲಿ ಅಂತ, ಪಾಂಡವರು ಚಪ್ಪಡಿ ಕಡ್ದು ಇಟ್ಟ್ ಹೋಗ್ಯೊಳೊ ಮಾವ, ಸಂಕಕ್ಕೆ ಅದೇ ಸಾಕು, ಅಂದುಬಿಟ್ಟ. ಹೆಂಗಸರು ನಕ್ಕರು, ಬೆಳ್ಳಮ್ಮ ಒಬ್ಬಳು ನಗಲಿಲ್ಲ, ಮಾವನೂ ನಗಲಿಲ್ಲ, ನೀ ಹೇಳ್ದು ಸರಿ ಉಟ್ಟು ಪೂವಯ್ಯ, ಅಂದರು, ಬಾಯಿಂದ ಬಿದ್ದ ಮಾತು ಹೋಗಿ ಹಾರೆಕೋಲಾಯಿತು. ಬೆಳ್ಳಮ್ಮ ಯಾಕೆ ನಗಲಿಲ್ಲ, ಇವನ ಎಲ್ಲ ಡೈಲಾಗಿಗೂ ನಗುವವಳು. ಅರಕಲಗೂಡು ಕಡೆಯಿಂದ ಬಂದು ಇಪ್ಪತ್ತು ವರ್ಷ ಇದೇ ಕೂಲಿ ಲೈನಿನಲ್ಲಿ ಇದ್ದಾಳೆ, ಮಳೆಗಾಲದಲ್ಲಿ ಕತ್ತಿ ತಾಗಿ ಇವನ ಹೆಬ್ಬೆರಳು ಬಾಯಿ ಬಿಟ್ಟಾಗ ಕಾಫಿಪುಡಿ ತುಂಬಿ, ಸೆರಗು ಹರಿದು ಕಟ್ಟಿದವಳು, ತಾಯೇ, ಇನ್ನು ಈ ಕೈ ಖಡ್ಗ ಹಿಡಿಯದು, ಎಂದು ಇವನು ಎದೆ ಸೆಟೆಸಿದರೆ, ಖಡ್ಗ ಆಮೇಲೆ, ಮೊದ್ಲು ಕೈ ಅಲ್ಲಾಡಿಸ್ಬೇಡ ಮಗ, ಅಂದಳು. ಗಾಯ ಮಾಗಿದೆ, ಹೆಬ್ಬೆರಳಿನ ಬುಡದಲ್ಲಿ ಹುಳ ಮಲಗಿದಂತೆ ಉಬ್ಬಿದ ಗೆರೆ. ಅವಳಿಗೂ ಒಬ್ಬ ಮಗನಿದ್ದ, ಪುಟ್ಟ, ಇಲ್ಲಿಗೆ ಬಂದ ವರ್ಷವೇ ಜ್ವರದಲ್ಲಿ ಹೋದ, ಇದ್ದಿದ್ರೆ ನಿನ್ ಪ್ರಾಯ, ಅಂತ ಗಂಟು ಹಾಕುತ್ತಾ ಹೇಳಿದ್ದಳು, ಆ ಒಂದೇ ಸಲ.

ಬಂದರು. ತರಗೆಲೆಯ ಮೇಲೆ ಹೆಜ್ಜೆ, ಕಬ್ಬಿಣ ಕಲ್ಲಿಗೆ ತಾಗಿದ ಸದ್ದು, ತೋಟದ ಆಳು ಸುಬ್ಬನ ಕೆಮ್ಮು, ಮಾವನ ಎಲೆಯಡಿಕೆ ಉಗುಳು. ಪೂವಯ್ಯ ಎರಡೂ ಕೈ ಬಾಯಿಗೆ ಹಿಡಿಯುತ್ತಾನೆ, ಮೂರು ಡೈಲಾಗ್ ಸಿದ್ಧ, ನಿನ್ನೆಯಿಡೀ ಜೀಪು ತೊಳೆಯುತ್ತಾ ಬಾಯಿಪಾಠ ಮಾಡಿದ್ದು, ಎಲೈ ಅಲ್ಪ ಮಾನವ, ಯುಗಯುಗದ ನನ್ನ ನಿದ್ದೆಗೆ ಭಂಗ ತಂದವನು ನೀನೇ ಏನು, ಅಲ್ಲಿ ಸುಬ್ಬ ಓಡಬೇಕು, ಈ ಶಿಲೆಯನ್ನು ಮುಟ್ಟಿದ ಕೈ ಬೂದಿಯಾದೀತು, ಅಲ್ಲಿ ಮಾವ ಓಡಬೇಕು, ಮೂರನೆಯದು ಬರೀ ನಗು, ಯಾರೂ ಇಲ್ಲದಿದ್ದರೂ ನಗಬೇಕು, ಅದು ನಟನ ಧರ್ಮ. ಉಸಿರೆಳೆದ, ಧೂಳು ಗಂಟಲಿಗೆ ಹೋಯಿತು, ಎಲೈ ಅಂದದ್ದು ಊಊ ಅಂತ ಹೊರಟು ಅಲ್ಲೇ ಸತ್ತಿತು. ಒಳಗೆ ಏನೋ ಕೂಗ್ತು ರೈಟ್ರೆ, ಅಂದ ಸುಬ್ಬ. ಗೂಬೆ, ಹಗಲಲ್ಲಿ ಎಬ್ಬಿಸಿದರೆ ಹಾಗೇ, ನೀನು ಎತ್ತು, ಅಂದರು ಮಾವ. ಥೂ, ಮೂರು ಸಾವಿರ ವರ್ಷದ ಪ್ರೇತಾತ್ಮ ಗೂಬೆಯಾಯಿತು, ಕೆಮ್ಮು ನುಂಗಿದರೆ ಕಣ್ಣಲ್ಲಿ ನೀರು, ತಲೆಯ ಮೇಲೆ ಆನೆಯಂಥ ಚಪ್ಪಡಿ ಮಗ್ಗುಲು ಬದಲಿಸಿತು, ಮಣ್ಣು ಕತ್ತಿನೊಳಗೆ ಸುರಿಯಿತು, ಕೂಗಲೇ, ಮಾವ, ನಾನು ಪೂವಯ್ಯ, ಅನ್ನಲೇ, ಅಂದರೆ ಕೆಲಸ ಹೋಯಿತು, ಪಾಂಡವರ ಮನೆಯೂ ಹೋಯಿತು — ನಿಲ್ಸಿ ರೈಟ್ರೆ. ಬೆಳ್ಳಮ್ಮನ ಸ್ವರ. ಓಡಿ ಬಂದವಳ ಏದುಸಿರು. ನನ್ ಮಗ ಅವ್ನೆ ಇಲ್ಲಿ, ಅಂದಳು. ಲೈನಿನೋರಿಗೆ ಆಗ ಸುಡುಗಾಡೂ ಕೊಟ್ಟಿರ್ಲಿಲ್ಲ, ಇದೇ ಕಲ್ಲಿನ ಬುಡ್ದಲ್ಲಿ ಮಲಗಿಸಿದ್ವಿ, ವರ್ಷ ವರ್ಷ ಪಿಕ್ಕಿಂಗ್ ಕಾಲ್ದಲ್ಲಿ ಬಂದು ಈ ಕಂಡೀಲಿ ಕೈ ಹಾಕಿ ಅವನ್ಗೆ ಅವಲಕ್ಕಿ ಬೆಲ್ಲ ಕೊಟ್ಟು ಹೋಯ್ತೀನಿ, ಇವತ್ತೂ ತಂದಿವ್ನಿ. ಮಾವ ಗಂಟಲು ಸರಿಮಾಡಿಕೊಂಡು, ಇಪ್ಪತ್ತು ವರ್ಷದಲ್ಲಿ ಒಂದು ಸಲ ತಕೊಂಡಿದ್ದಾನಾ ಬೆಳ್ಳಮ್ಮ, ಅಂದರು. ಇಲ್ಲ, ಅಂದಳು, ಇಟ್ಟು ಬತ್ತೀನಿ, ಇರ್ವೆ ತಿಂತವೆ. ಸರಿ, ಇವತ್ತೂ ಕೊಡು, ಅವನು ತಕೊಂಡರೆ ಚಪ್ಪಡಿ ಮುಟ್ಟುವುದಿಲ್ಲ, ಸುಬ್ಬನೇ ಸಾಕ್ಷಿ, ತಕೊಳ್ಳದಿದ್ದರೆ ಆ ಕಡೆ ಸರಿದು ನಿಲ್ಲಬೇಕು, ಸಂಕ ಇಲ್ಲದೆ ತೋಟದ ಕೆಲಸ ನಿಂತಿದೆ, ಅಂದರು, ಕೊನೆಯ ಮಾತು ಮೆತ್ತಗೆ.

ಬಿಲ್ಲೆ ಆರಿತು. ಮೊಣಕಾಲು ಕತ್ತಲಾಯಿತು. ಕಂಡಿಯಿಂದ ಒಂದು ಕೈ ಒಳಗೆ ಬಂದಿದೆ, ಮೊಣಕೈವರೆಗೆ, ಹಣ್ಣು ಕೊಯ್ದು ಕೊಯ್ದು ಉಗುರಿಗೆ ಕಪ್ಪು ಹಿಡಿದ ಕೈ, ಅಂಗೈಯಲ್ಲಿ ಒಂದು ಹಿಡಿ ಅವಲಕ್ಕಿ, ಬೆಲ್ಲದ ಚೂರು, ಮುಂಗೈ ಕೆಳಗಿನ ಅಂಚಿನ ಮೇಲೆ ಕೂತಿದೆ, ಆ ನುಣುಪಿನ ಮೇಲೇ, ಒರಳಿಗೆ ಗುಂಡುಕಲ್ಲು ಕೂತಂತೆ — ಹಗ್ಗವಲ್ಲ, ನೀರಲ್ಲ, ಇಪ್ಪತ್ತು ವರ್ಷದ ಒಂದು ಕೈಗೆ ಕಲ್ಲು ಇಷ್ಟು ಸವೆಯುವುದಿಲ್ಲ, ಇವಳಿಗಿಂತ ಮುಂಚೆ ಎಷ್ಟು ಕೈ, ಯಾರ ಯಾರ ಕೈ, ಸಾಹೇಬರೇ, ನಿಮ್ಮ ಟೇಪಿಗೆ ಸಿಗದ್ದು ಇಲ್ಲಿದೆ ಬನ್ನಿ. ತಕೊ ಮಗ, ಅನ್ನುತ್ತಾಳೆ ಹೊರಗಿಂದ, ಮಗುವಿಗೆ ಅನ್ನುವಂತೆ. ತಕೊಂಡರೆ ತಾಯಿಗೆ ಸುಳ್ಳು, ತಕೊಳ್ಳದಿದ್ದರೆ ಹಾರೆಕೋಲು. ಡೈಲಾಗ್ ಹುಡುಕುತ್ತಾನೆ, ಯಾವ ರಾಜ ಯಾವ ರಾಕ್ಷಸ ಇಂಥಲ್ಲಿ ಏನು ಅಂದಿದ್ದ, ಒಬ್ಬನೂ ಬರುವುದಿಲ್ಲ, ಟೆಂಟು ಖಾಲಿ. ಅಂಗೈ ಇನ್ನಷ್ಟು ಚಾಚಿತು, ನಾಲ್ಕು ಅವಲಕ್ಕಿ ಉದುರಿದವು, ಇರುವೆಗಳ ಸಾಲು ಅತ್ತ ತಿರುಗಿತು. ಪೂವಯ್ಯನ ಕೈ ತಾನಾಗಿ ಹೋಯಿತು, ಬೆಲ್ಲ ಮುಟ್ಟಿತು. ಅವಳ ಬೆರಳುಗಳು ಮುಚ್ಚಿಕೊಂಡವು, ಗಟ್ಟಿಯಾಗಿ, ಅವನ ಕೈಯ ಮೇಲೆ, ಅವಳ ಹೆಬ್ಬೆರಳು ಅವನ ಹೆಬ್ಬೆರಳಿನ ಬುಡಕ್ಕೆ ಬಂತು, ಉಬ್ಬಿದ ಗೆರೆಯ ಮೇಲೆ ನಿಂತಿತು. ಈ ತುದಿಯಿಂದ ಆ ತುದಿಗೆ ಒಂದು ಸಲ ಸವರಿತು. ಸಿಕ್ಕಿಬಿದ್ದ, ಈಗ ಕೂಗುತ್ತಾಳೆ, ಈಗ — ಏನಾಯಿತು ಬೆಳ್ಳಮ್ಮ, ಅಂದರು ಮಾವ. ಅವಳ ಹೆಬ್ಬೆರಳು ಗೆರೆಯನ್ನು ಇನ್ನೊಮ್ಮೆ ಒತ್ತಿತು. ತಕೊಂಡ, ಅಂದಳು, ನನ್ ಮಗ ತಕೊಂಡ. ಹೊರಗೆ ಹಾರೆಕೋಲನ್ನು ಯಾರೋ ಮೆಲ್ಲಗೆ ನೆಲಕ್ಕಿಟ್ಟರು, ಹೆಜ್ಜೆಗಳು ತರಗೆಲೆಯ ಮೇಲೆ ದೂರವಾದವು, ಅವಳು ಬಿಡುತ್ತಿಲ್ಲ, ಇವನೂ ಎಳೆದುಕೊಳ್ಳುತ್ತಿಲ್ಲ, ಎರಡು ಅಂಗೈಗಳ ನಡುವೆ ಬೆಲ್ಲ ಅಂಟಂಟಾಗಿ ಕರಗುತ್ತಿದೆ, ಕಂಡಿ, ಕಂಡಿಯ ತುಂಬ ಕೈ, ಕೈಯ ಸುತ್ತ ಬಳೆಯಷ್ಟು ತೆಳು ಬೆಳಕು