ಮೂರು ಚಮಚ ತೀರ್ಥ

ಆಸ್ಪತ್ರೆಯಲ್ಲಿದ್ದಷ್ಟು ದಿನ ನಾಗಲಿಂಗಮ್ಮನ ಕೊರಳಲ್ಲಿ ಎರಡು ಲಿಂಗಗಳಿದ್ದವು. ಒಂದು ಅವಳದೇ, ಇನ್ನೊಂದು ಗಂಡ ಗುರುಸಂಗಪ್ಪನದು. ಸ್ಕ್ಯಾನಿಂಗಿಗೆ ಒಯ್ಯುವಾಗ ಮೈಮೇಲೆ ಲೋಹ ಇರಬಾರದೆಂದು ಅವನ ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಶಿವದಾರದ ಸಮೇತ ಬಿಚ್ಚಿ, ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಅವಳ ಕೈಗೆ ಕೊಟ್ಟುಬಿಟ್ಟರು. ಲಿಂಗವಂತನ ಮೈಯಿಂದ ಲಿಂಗ ಅಗಲಿದರೆ ಏನರ್ಥ ಎಂದು ಆ ಜನಕ್ಕೇನು ಗೊತ್ತು? ಗೊತ್ತಿದ್ದರೂ ಏನು ಮಾಡಿಯಾರು, ಪಾಪ. ಅವಳು ಆ ಚೀಲವನ್ನು ಹಿಡಿದು ಕಾರಿಡಾರಿನಲ್ಲಿ ನಿಂತು, ಹೆಣದ ಮುಂದೆ ಅತ್ತಂತೆ ಅತ್ತಳು.

ಗುರುಸಂಗಪ್ಪನೆಂದರೆ ತಂಬ್ರಹಳ್ಳಿಯ ಹಿಟ್ಟಿನ ಗಿರಣಿಯವನು. ವಯಸ್ಸು ಐವತ್ತೈದು. ಗಿರಣಿ ಮುಂದೆ ಜೋಳದ ಡಬ್ಬಿಗಳು ಸಾಲುಹಚ್ಚಿ ಕೂತಿದ್ದರೂ ಸ್ನಾನ, ಲಿಂಗಪೂಜೆ ಮುಗಿಯದೆ ಸ್ವಿಚ್ಚು ಒತ್ತಿದವನಲ್ಲ. "ಹೊತ್ತಾತು ಬಾರಪ್ಪ" ಎಂದು ಯಾರಾದರೂ ಕೂಗಿದರೆ, "ನಿನ್ನ ಜೋಳ ಓಡಿಹೋಗತೈತೇನು?" ಎಂದು ಒಳಗಿಂದಲೇ ದಬಾಯಿಸುತ್ತಿದ್ದ. ಪೂಜೆಯಾಗದೆ ಅವನ ಗಂಟಲಲ್ಲಿ ಗುಟುಕು ನೀರು ಇಳಿದದ್ದನ್ನು ಹೆಂಡತಿ ಮೂವತ್ತು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ಅಂಥವನಿಗೆ ಆಷಾಢದಲ್ಲಿ ಒಂದು ವಾರ ಭೇದಿ ಹತ್ತಿತು. ಅದು ನಿಂತ ಮೇಲೆ ಪಾದ ಜೋಮು ಹಿಡಿಯಿತು. "ಅಂಗಾಲಿಗೆ ಹಿಟ್ಟು ಮೆತ್ತಿದಂಗ ಆಗೈತಿ ನೋಡು" ಎಂದ. ಎರಡನೇ ದಿನ ಗಿರಣಿಯ ಮೆಟ್ಟಿಲು ಹತ್ತಲಾಗಲಿಲ್ಲ. ಮೂರನೇ ದಿನ ಕೈಯಲ್ಲಿದ್ದ ಡಬ್ಬಿ ಜಾರಿ ಬಿತ್ತು. ಗಾಳಿ ಸೋಕಿದೆ, ತಾಯಿತ ಕಟ್ಟಿಸೋಣ ಎಂದವಳು ಅವನ ಅಕ್ಕ ಗಾದೆಮ್ಮ. ಹಗರಿಬೊಮ್ಮನಹಳ್ಳಿಯ ಡಾಕ್ಟರು ಮಾತ್ರ ಮೊಣಕಾಲಿಗೆ ಬಡಿದು ನೋಡಿ, ಮುಖ ಗಂಟಿಕ್ಕಿ, "ಇಲ್ಲಿ ನಿಲ್ಲಬೇಡ್ರಿ, ಹಿಂಗ ದಾವಣಗೆರಿಗೆ ಹೋಗ್ರಿ" ಎಂದರು. ಹರಪನಹಳ್ಳಿ ದಾಟುವಷ್ಟರಲ್ಲಿ ಕಾರಿನಲ್ಲೇ ಅವನಿಗೆ ಉಸಿರು ಸಾಲದಾಯಿತು.

ಮೈ ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ನರಗಳನ್ನು ತಿನ್ನುವ ಕಾಯಿಲೆಯಂತೆ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ಕೈ, ಕಾಲು, ನಾಲಿಗೆ, ಎದೆ ಎಲ್ಲ ಬಿದ್ದುಹೋದವು. ಕುತ್ತಿಗೆಗೆ ತೂತು ಮಾಡಿ ಅಲ್ಲಿಂದ ಉಸಿರಾಟದ ಯಂತ್ರ ಹಚ್ಚಿದರು. ಮೂಗಿನಲ್ಲಿ ಕೊಳವೆ ಇಳಿಸಿ ಹಾಲು ಬಿಟ್ಟರು. ಡಾಕ್ಟರು ಹೇಳಿದ ಒಂದು ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತು: "ಬುದ್ಧಿಗೆ ಏನೂ ಆಗಿಲ್ಲಮ್ಮ. ಎಲ್ಲಾ ಕೇಳಿಸ್ತದೆ, ಎಲ್ಲಾ ಗೊತ್ತಾಗ್ತದೆ. ಹೇಳೋಕೆ ಮಾತ್ರ ಆಗಲ್ಲ."

ಹೇಳುವುದಕ್ಕೆ ಅವನಿಗೆ ಉಳಿದದ್ದು ರೆಪ್ಪೆ ಮಾತ್ರ. ಒಮ್ಮೆ ಮುಚ್ಚಿದರೆ ಹೂಂ, ಎರಡು ಸಲ ಮುಚ್ಚಿದರೆ ಬೇಡ. ಇದನ್ನು ಅವಳಿಗೆ ಕಲಿಸಿಕೊಟ್ಟವಳು ಐಸಿಯುವಿನ ನರ್ಸು ರೇಖಾ. ಕೂಡ್ಲಿಗಿಯ ಹುಡುಗಿ. ಮನೆಯಲ್ಲಿ ಬುದ್ಧನ ಫೋಟೋ ಇಟ್ಟು ಪೂಜಿಸುವವರು ತಾವೆಂದು ಅವಳೇ ಹೇಳಿಕೊಂಡಿದ್ದಳು. ತಮ್ಮ ಕಡೆಯ ಮಾತು ಕಿವಿಗೆ ಬಿದ್ದದ್ದೇ ನಾಗಲಿಂಗಮ್ಮನಿಗೆ ತವರು ಸಿಕ್ಕಂತಾಗಿತ್ತು. "ಯವ್ವಾ, ಇವತ್ತು ಹೆಂಗದಾರ?" ಎಂದು ಅವಳ ಹಿಂದೆಹಿಂದೆಯೇ ತಿರುಗುತ್ತಿದ್ದಳು. ರೇಖಾ ಒಂದು ದಿನವೂ ಸಿಡುಕಲಿಲ್ಲ.

ದಿನಾ ಬೆಳಗ್ಗೆ ಧರ್ಮಛತ್ರದ ನಲ್ಲಿಯಲ್ಲಿ ತಲೆಗೆ ನೀರು ಸುರಿದುಕೊಂಡು, ಮೊದಲು ಗಂಡನ ಲಿಂಗ, ಆಮೇಲೆ ತನ್ನದು, ಅಂಗೈಯಲ್ಲಿಟ್ಟು ಪೂಜೆ ಮಾಡುತ್ತಿದ್ದಳು. ಮಾಡುವಾಗಲೆಲ್ಲ ಒಂದೇ ಕೊರಗು. ಪೂಜೆಯಿಲ್ಲದೆ ಗುಟುಕು ನೀರು ಮುಟ್ಟದವನ ಹೊಟ್ಟೆಗೆ ಹೊತ್ತುಹೊತ್ತಿಗೆ ಹಾಲು ಬಿಡುತ್ತಿದ್ದಾರೆ, ಲಿಂಗದ ನೀರು ಒಂದು ಹನಿ ಇಲ್ಲ. ಅದಕ್ಕೇ ಗುಣವಾಗುತ್ತಿಲ್ಲ, ಇನ್ನೇನಿದ್ದೀತು! ಗಾದೆಮ್ಮ ಫೋನಿನಲ್ಲಿ ಅದನ್ನೇ ಒತ್ತಿ ಹೇಳುತ್ತಿದ್ದಳು: "ಸೂಜಿಗಿಂತ ತೀರ್ಥ ದೊಡ್ಡದು ಲೇ ನಾಗಲಿಂಗಿ."

ಇಪ್ಪತ್ತಾರನೇ ದಿನದ ಹೊತ್ತಿಗೆ ಅವನು ಯಂತ್ರದ ಹಂಗಿಲ್ಲದೆ ಉಸಿರಾಡತೊಡಗಿದ್ದ. "ಇನ್ನೂ ನುಂಗೋ ಶಕ್ತಿ ಬಂದಿಲ್ಲ, ಬಾಯಿಗೆ ಹನಿ ನೀರೂ ಬೇಡ" ಎಂದು ಡಾಕ್ಟರು ಎರಡೆರಡು ಸಲ ಹೇಳಿದರು. ಮರುದಿನ ಶ್ರಾವಣ ಸೋಮವಾರ. ಒಳಗೆ ಬಿಡುವುದು ಹತ್ತು ಗಂಟೆಗೆ. ಇವಳು ಏಳಕ್ಕೇ ಬಾಗಿಲಲ್ಲಿ ನಿಂತು ಕೈಮುಗಿದಳು. ರಾತ್ರಿ ಪಾಳಿ ಮುಗಿಸುತ್ತಿದ್ದ ರೇಖಾ ಅತ್ತಿತ್ತ ನೋಡಿ, "ಹಣಿಗೆ ವಿಭೂತಿ ಹಚ್ಚಿ ಬಂದುಬಿಡ್ರಿ ಅಮ್ಮಾ, ಸಿಸ್ಟರ್ ಇನ್‌ಚಾರ್ಜ್ ನೋಡಿದ್ರ ನನಗ ಬೈತಾರ" ಎಂದು ಒಳಗೆ ಬಿಟ್ಟಳು. ಅಷ್ಟರಲ್ಲಿ ಆಚೆಯ ಮಂಚದ ಯಂತ್ರ ಕೂಗಿಕೊಂಡಿತು, ರೇಖಾ ಅತ್ತ ಓಡಿದಳು.

ನಾಗಲಿಂಗಮ್ಮ ವಿಭೂತಿ ಹಚ್ಚಿದಳು. ಆಮೇಲೆ ಸೆರಗಿನೊಳಗಿಂದ ಒಂದು ಚಮಚ, ಲಿಂಗದ ವಿಭೂತಿ ಬೆರೆತು ಬೆಳ್ಳಗಾದ ನೀರಿನ ಸಣ್ಣ ಬಾಟಲಿ ತೆಗೆದಳು. "ಲಿಂಗದ ತೀರ್ಥ ತಂದೀನ್ರಿ. ಕೊಡ್ಲಿ?" ಎಂದು ಕೇಳಿದಳು.

ಅವನು ಕಣ್ಣು ಮುಚ್ಚಿದ. ತೆರೆದ. ಮತ್ತೆ ಮುಚ್ಚಿದ.

ಅವಳಿಗೆ ಸ್ಪಷ್ಟವಾಗಿ ಕಂಡಿತು. ಕಾಣಲಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳಲು ಕೂಡ ಆಗದಷ್ಟು ಸ್ಪಷ್ಟವಾಗಿ. "ಶಿವನ ಹೆಸರಿಗೆ ಒಂದ ಹನಿರಿ" ಎಂದು ಗೋಗರೆದು ತುಟಿ ಬಿಡಿಸಿದಳು. ಒಂದು ಹನಿ ಒಂದು ಚಮಚವಾಯಿತು, ಮೂರು ಚಮಚವಾಯಿತು. ಕೆಮ್ಮಲು ಎದೆಯಲ್ಲಿ ಕಸುವಿಲ್ಲದೆ ಅವನ ಮುಖ ಕೆಂಪಾಯಿತು, ಕುತ್ತಿಗೆಯ ಕೊಳವೆಯಲ್ಲಿ ಗೊರಗೊರ ಸದ್ದಾಯಿತು. ಅವಳು ಗಲ್ಲ ಒರೆಸಿ, ಬಾಟಲಿ ಅಡಗಿಸಿ, ಹೊರಗೆ ಬಂದು, ಬಹಳ ದಿನಗಳ ಮೇಲೆ ಹೊಟ್ಟೆತುಂಬ ಇಡ್ಲಿ ತಿಂದಳು.

ಸಂಜೆಗೆ ಜ್ವರ. ಮರುದಿನ ಎದೆಯ ತುಂಬ ಕಫ, ಮತ್ತೆ ಯಂತ್ರ. "ಶ್ವಾಸಕೋಶಕ್ಕೆ ಏನೋ ಹೋಗಿದೆ" ಎಂದರು ಡಾಕ್ಟರು. ರೇಖಾ ಅವಳನ್ನು ಕಾರಿಡಾರಿನ ತುದಿಗೆ ಕರೆದೊಯ್ದು ಮೆಲ್ಲಗೆ ಕೇಳಿದಳು: "ಅಮ್ಮಾ, ಬೈಯಾಕಲ್ಲ ಕೇಳಾಕತ್ತಿದ್ದು. ಬಾಯಿಗೆ ಏನಾರ ಹಾಕಿದ್ರೇನು? ಹೇಳಿದ್ರ ಔಷಧ ನೋಡಿ ಕೊಡಾಕ ಅವರಿಗೆ ಅನುಕೂಲ ಆಗತೈತಿ."

ಹೇಳಿದರೆ ಇನ್ನೆಂದೂ ಒಳಗೆ ಬಿಡಲಿಕ್ಕಿಲ್ಲ. ಗಂಡನನ್ನು ಕೊಂದವಳು ಎಂದಾರು. ನಾಗಲಿಂಗಮ್ಮನ ಕೈ ತಾನಾಗಿ ಎದೆಗೆ ಹೋಗಿ ಎರಡೂ ಕರಡಿಗೆಗಳನ್ನು ಹಿಡಿಯಿತು. "ಈ ಲಿಂಗದಾಣಿಗೂ ನಾ ಏನೂ ಕೊಟ್ಟಿಲ್ಲವ್ವ" ಎಂದಳು. ಡಾಕ್ಟರ ಮುಂದೆಯೂ ಅದನ್ನೇ ಹೇಳಿದಳು.

ಯಾರೂ ಕೊಟ್ಟಿಲ್ಲವೆಂದ ಮೇಲೆ ಕೊಳವೆಯ ಹಾಲೇ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದಿರಬೇಕು, ಹಾಲು ಬಿಡುವಾಗ ತಲೆಯ ಕಡೆ ಮಂಚ ಎತ್ತಿರಲಿಕ್ಕಿಲ್ಲ ಎಂದು ತೀರ್ಮಾನವಾಯಿತು. ಆ ಬೆಳಗ್ಗೆ ಹಾಲು ಬಿಟ್ಟವಳು ರೇಖಾ. ನಾಲ್ಕು ದಿನ ಬಿಟ್ಟು ಅವಳು ಕಾಣಲಿಲ್ಲ. ಕೇಳಿದರೆ, ಕೆಲಸದಿಂದ ತೆಗೆದರು ಎಂದು ಇನ್ನೊಬ್ಬ ನರ್ಸು ಹೇಳಿ, ಮುಖ ತಿರುಗಿಸಿ ಹೋದಳು.

ಮತ್ತೆ ಇಪ್ಪತ್ತೆರಡು ದಿನ ಯಂತ್ರ. ಎರಡು ಸಲ ಡಾಕ್ಟರು ಮಗಳು ಅಮೃತಾಳನ್ನು ಕರೆಸಿ, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದರು. ಅವನ ಬೆನ್ನಿಗೆ ಅಂಗೈಯಗಲ ಹುಣ್ಣಾಯಿತು. ನಾಗಲಿಂಗಮ್ಮ ಹುಣ್ಣು ತೊಳೆಯುವುದನ್ನು ಕಲಿತಳು, ಹೊರಳಿಸುವುದನ್ನು ಕಲಿತಳು, ಕೈಕಾಲು ಮಡಿಚಿ ಬಿಡಿಸುವುದನ್ನು ಕಲಿತಳು. ಪೂಜೆಯನ್ನು ಬಿಡಲಿಲ್ಲ. ಆದರೆ ಬೇಡುವುದನ್ನು ಬಿಟ್ಟಳು. ಸುಳ್ಳು ಆಣೆಗೆ ಹಿಡಿದ ಕೈ ಅದೇ, ಪೂಜೆಗೆ ಚಾಚುವ ಕೈಯೂ ಅದೇ. ಏನೆಂದು ಬೇಡಿಯಾಳು?

ಶಿವ ಸುಮ್ಮನಿದ್ದನೋ, ಔಷಧ ಹತ್ತಿತೋ, ಅಂತೂ ಅವನು ಉಳಿದ. ದೀಪಾವಳಿ ಕಳೆದ ಮೇಲೆ ಕುತ್ತಿಗೆಯ ಕೊಳವೆಯ ಸಮೇತ ಊರಿಗೆ ಬಂದ. ಬಂದ ದಿನವೇ ಅವಳು ಲಿಂಗವನ್ನು ಅವನ ಕೊರಳಿಗೆ ಕಟ್ಟಿದಳು. ದಿನಾ ಅವನ ಸತ್ತಂಥ ಅಂಗೈಯನ್ನು ತನ್ನ ಕೈಯಿಂದ ಎತ್ತಿ ಹಿಡಿದು ಪೂಜೆ ಮಾಡಿಸುತ್ತಿದ್ದಳು. ತೀರ್ಥ ಮಾತ್ರ ಕೊಡುತ್ತಿರಲಿಲ್ಲ. ಅವನು ಮೆತ್ತಗಿನ ಅನ್ನ ನುಂಗತೊಡಗಿದ ಮೇಲೂ ಕೊಡಲಿಲ್ಲ. ಯಾಕೆಂದು ಗಾದೆಮ್ಮ ಕೇಳಿದರೆ, "ಡಾಕ್ಟ್ರು ಬ್ಯಾಡ ಅಂದಾರ್ರಿ ಅಕ್ಕಾ" ಎನ್ನುತ್ತಿದ್ದಳು. ಕೇಳಬೇಕಾದಾಗ ಕೇಳದ ಡಾಕ್ಟರ ಮಾತು ಈಗ ಒಳ್ಳೆ ಆಸರೆಯಾಗಿತ್ತು.

ಮಾತು ಬರಲಿ ಎಂದು ಮನೆಯವರೆಲ್ಲ ಹರಕೆ ಹೊತ್ತರು. ಅವಳೊಬ್ಬಳಿಗೆ ಆ ಮಾತಿನದೇ ಹೆದರಿಕೆ. ಅವನಿಗೆ ಗೊತ್ತು, ಎಲ್ಲವೂ ಗೊತ್ತು. ನಾಲಿಗೆ ತಿರುಗಿದ ದಿನ ಏನೆಂದಾನು? ಮಗಳ ಮುಂದೆ ಅಂದುಬಿಟ್ಟರೆ? ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂಬಂತೆ, ಅವನ ತುಟಿ ಅಲುಗಿದರೆ ಸಾಕು, ಅವಳು ಏನೋ ಕೆಲಸದ ನೆಪ ಮಾಡಿ ಎದ್ದುಹೋಗುತ್ತಿದ್ದಳು. ಗಂಡನಿಗೆ ಮಾತು ಬಾರದಿದ್ದರೇ ಒಳ್ಳೆಯದೇನೋ ಎಂದು ಒಂದು ದಿನ ಅನ್ನಿಸಿಯೂ ಬಿಟ್ಟಿತು. ಅನ್ನಿಸಿದ್ದಕ್ಕೆ ಬಚ್ಚಲಲ್ಲಿ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಪುಷ್ಯದಲ್ಲಿ ಕೊಳವೆ ತೆಗೆದರು, ತೂತು ಕೂಡಿಕೊಂಡಿತು, ಮಾತು ಬಂತು. ಒಡಕು ದನಿ, ಆದರೂ ಅವನದೇ. ಗಿರಣಿಯ ಬೆಲ್ಟು ಬದಲಿಸಿದರೇನು ಎಂದು ಕೇಳಿದ. ಸಾರಿಗೆ ಉಪ್ಪು ಹೆಚ್ಚು ಎಂದ. ಅದೊಂದನ್ನು ಬಿಟ್ಟು ಎಲ್ಲ ಮಾತಾಡಿದ. ಹದಿನೈದು ದಿನ ಹಾಗೇ ಹೋಯಿತು. ಬೈದಿದ್ದರೆ ಅವಳು ತಾಳಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಗಾದೆಮ್ಮ ಒಂದು ಕೆಲಸ ಮಾಡಿಬಂದಳು. ಎರಡು ಲಿಂಗ ಕಟ್ಟಿಕೊಂಡು ಪೂಜೆ ಮಾಡಿ ಗಂಡನನ್ನು ಉಳಿಸಿಕೊಂಡಳು ನಮ್ಮ ನಾಗಲಿಂಗಿ ಎಂದು ಓಣಿಯ ತುಂಬ ಸಾರಿ, ಊರ ಮಠದಲ್ಲಿ ಅಮಾವಾಸ್ಯೆಯ ದಿನ ಅವಳಿಗೆ ಸನ್ಮಾನ ಎಂದು ಗೊತ್ತುಮಾಡಿ ಬಂದಿದ್ದಳು. ಗಾದೆಮ್ಮ ಸುದ್ದಿ ಹೇಳಿ ಹೋದ ಮೇಲೆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು.

"ಶಾಲು ಹೊದಿಸಿಕೊಂತಿಯೇನು?" ಎಂದ ಗುರುಸಂಗಪ್ಪ.

ಅವಳು ಮಂಚದ ಪಕ್ಕ ಕೂತಳು. "ನೀವು ಅವತ್ತು ಬ್ಯಾಡ ಅಂದಿದ್ರಿ. ನಾ ನೋಡಿದ್ದೆ. ನೋಡಿನೂ ಹಾಕಿದೆ."

"ಅದನ್ನ ನನಗ್ಯಾಕ ಹೇಳ್ತಿ? ನಾ ಅಲ್ಲೇ ಇದ್ದೆ." ಅವನು ಉಸಿರು ತೆಗೆದುಕೊಳ್ಳಲು ನಿಂತ. ಒಂದೊಂದು ಮಾತಿಗೂ ಒಂದೊಂದು ಉಸಿರು ಬೇಕಿತ್ತು ಅವನಿಗೆ. "ಉಸಿರು ಕಟ್ಟಿದಾಗ ನಿನ್ನ ಮಾರಿನೇ ನೋಡ್ತಿದ್ದೆ ನಾನು. ನೀನು ಬಾಟ್ಲಿ ಮುಚ್ಚಳ ಹಾಕಾಕತ್ತಿದ್ದಿ."

ಅವಳು ಅವನ ಪಾದ ಹಿಡಿದಳು.

"ನನ್ನ ಮ್ಯಾಲಿನ ಪ್ರೀತಿಗೆ ಮಾಡಿದಿ, ಗೊತ್ತೈತಿ. ಬೆನ್ನಿನ ಹುಣ್ಣು ತೊಳೆದಾಕಿನೂ ನೀನ. ಅದಕ್ಕ ಬಾಯಿ ಬಂದ ಮ್ಯಾಲೂ ಸುಮ್ಮನಿದ್ದೆ." ಮತ್ತೆ ನಿಂತು ಉಸಿರೆಳೆದ. "ಆ ನರ್ಸು ಹುಡುಗಿ ಏನಾದ್ಲು? ನನ್ನ ಬಾಯಾಗಿನ ಜೊಲ್ಲು ಒರೆಸಿದಾಕಿ ಆಕಿ. ಹೋಗಿ ಆಕಿ ಮುಂದ ಹೇಳು. ಹೇಳೋ ತನಕ ನನ್ನ ಲಿಂಗ ಮುಟ್ಟಬ್ಯಾಡ."

ಮರುದಿನ ಬೆಳಗ್ಗೆ ಅವನು ಪೂಜೆಗೆ ಒಬ್ಬನೇ ಕೂತ. ನಡುಗುವ ಅಂಗೈಯಲ್ಲಿ ಲಿಂಗ ನಿಲ್ಲಲಿಲ್ಲ, ಮಡಿಲಿಗೆ ಜಾರಿತು. ಹಿಡಿಯಲು ಹೋದ ಅವಳ ಕೈಯನ್ನು ಅವನು ಕಣ್ಣಿನಿಂದಲೇ ತಡೆದ. ಅವಳು ಮಗಳಿಗೆ ಫೋನು ಮಾಡಿ ಕರೆಸಿ, ಅವನ ಊಟಕ್ಕೆ ವ್ಯವಸ್ಥೆ ಮಾಡಿ, ಕೂಡ್ಲಿಗಿಯ ಬಸ್ಸು ಹತ್ತಿದಳು.

ರೇಖಾಳ ಮನೆ ಹುಡುಕಲು ಕಷ್ಟವಾಗಲಿಲ್ಲ. ದಾವಣಗೆರೆಯಲ್ಲಿ ತಪ್ಪು ಮಾಡಿ ಕೆಲಸ ಕಳೆದುಕೊಂಡ ನರ್ಸಮ್ಮ ಎಂದರೆ ಓಣಿಗೆಲ್ಲ ಗೊತ್ತಿತ್ತು. ಬಾಗಿಲು ತೆರೆದವಳು ತಾಯಿ ಸುಂಕಮ್ಮ. "ನಮ್ಮ ಮನ್ಯಾಗ ನೀರು ಕುಡಿತೀರೇನ್ರಿ?" ಎಂದು ಅನುಮಾನಿಸುತ್ತಲೇ ಕೇಳಿದಳು. ಬೇಡ ಎನ್ನುವ ಮುಖ ನಾಗಲಿಂಗಮ್ಮನಿಗೆ ಎಲ್ಲಿತ್ತು? ಕುಡಿದಳು.

ರೇಖಾ ಸೊರಗಿದ್ದಳು. ಈಗ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಕೆಲಸವಂತೆ. "ಯಜಮಾನ್ರು ಹೆಂಗದಾರ್ರಿ?" ಎಂದು ಮೊದಲು ಕೇಳಿದ್ದೂ ಅವಳೇ. ಮಾತು ಬಂದಿದೆ, ಗೋಡೆ ಹಿಡಿದು ನಿಲ್ಲುತ್ತಾರೆ ಎಂದಾಗ ಅವಳ ಮುಖ ಅರಳಿತು. ಆ ಅರಳಿದ ಮುಖದ ಮುಂದೆಯೇ ನಾಗಲಿಂಗಮ್ಮ ಎಲ್ಲ ಹೇಳಿದಳು.

ಮುಖ ಹಾಗೇ ಇಳಿಯಿತು.

"ನನಗ ಅವತ್ತ ಗೊತ್ತಿತ್ತು" ಎಂದಳು ರೇಖಾ. "ಕಫ ಎಳೆದಾಗ ಪೈಪಿನಾಗ ವಿಭೂತಿ ಬಂದಿತ್ತು. ಅದಕ್ಕ ನಿಮ್ಮನ್ನ ಕರೆದು ಕೇಳಿದ್ದು."

"ಮತ್ತ ಹೇಳಲಿಲ್ಲ ಯಾಕವ್ವ?"

"ಹೇಳಿದೆ. ನೀವು ಲಿಂಗ ಹಿಡಿದು ಆಣಿ ಮಾಡಿದ್ರಲ್ಲ, ಅದನ್ನ ಕೇಳಿದ ಮ್ಯಾಲೆ ನನ್ನ ಮಾತು ಯಾರು ನಂಬ್ತಾರ? ತಪ್ಪು ಮುಚ್ಚಾಕ ದೇವರಂಥಾ ಹೆಣ್ಣುಮಗಳ ಮ್ಯಾಲೆ ಹಾಕ್ತಾಳ ಅಂದ್ರು."

ನಾಗಲಿಂಗಮ್ಮ ಕಾಲಿಗೆ ಬೀಳಲು ಬಗ್ಗಿದಳು. ರೇಖಾ ಹಿಂದೆ ಸರಿದಳು. "ಕಾಲಿಗೆ ಬೀಳಬ್ಯಾಡ್ರಿ. ಅದರಿಂದ ನನಗೇನೂ ಆಗಂಗಿಲ್ಲ. ಬರೆದು ಕೊಡ್ರಿ" ಎಂದು ಒಳಗಿಂದ ಹಾಳೆ, ಪೆನ್ನು ತಂದಿಟ್ಟಳು.

ಏಳನೇ ಇಯತ್ತೆಯ ತನಕ ಓದಿದವಳ ಅಕ್ಷರ. ನೆಲದ ಮೇಲೆ ಹಾಳೆ ಇಟ್ಟುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಬರೆದಳು. ಡಾಕ್ಟರು ಬೇಡ ಅಂದಿದ್ದರು, ಗಂಡ ಬೇಡ ಅಂದಿದ್ದರು, ಮೂರು ಚಮಚ ನೀರು ನಾನು ಹಾಕಿದೆ, ರೇಖಾಳ ತಪ್ಪು ಏನೂ ಇಲ್ಲ. ಕೆಳಗೆ ಸಹಿ ಮಾಡಿ ಕೊಟ್ಟಳು.

ರೇಖಾ ಎರಡು ಸಲ ಓದಿದಳು. ಹಾಳೆಯನ್ನು ತಿರುಗಿ ಅವಳ ಮುಂದೆಯೇ ಇಟ್ಟಳು.

"ನಾ ಕೇಳಿದ್ದು, ನೀವು ಇಲ್ಲ ಅಂತ ಆಣಿ ಮಾಡಿದ್ದು ಇದರಾಗಿಲ್ಲ. ಅದನ್ನೂ ಬರೀರಿ ಅಮ್ಮಾ."

ನಾಗಲಿಂಗಮ್ಮ ಪೆನ್ನನ್ನು ಮತ್ತೆ ಎತ್ತಿಕೊಂಡಳು. 'ಲಿಂಗ ಹಿಡಿದು ಸುಳ್ಳು' ಎಂಬಲ್ಲಿಗೆ ಬಂದಾಗ ಕೈ ನಿಂತಿತು. ರೇಖಾ ಎದುರಿಗೆ ಕೂತು, ಅವಸರ ಮಾಡದೆ, ಅವಳು ಬರೆದು ಮುಗಿಸುವ ತನಕ ಹಾಳೆಯನ್ನೇ ನೋಡುತ್ತ ಕಾದಳು.