ಮೀರಾ, ನವುಲೆ

ಮುರುಗೇಶಪ್ಪನವರು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನಲವತ್ತು ವರ್ಷ ಬಟ್ಟೆ ಅಳೆದವರು. ಅವರ ಅಳತೆ ಒಂದು ಬೆರಳು ಹೆಚ್ಚೂ ಇರುತ್ತಿರಲಿಲ್ಲ, ಒಂದು ಬೆರಳು ಕಡಿಮೆಯೂ ಇರುತ್ತಿರಲಿಲ್ಲ. ಮನೆಯೊಳಗೂ ಆ ಕೈ ಹಾಗೇ ನಡೆಯಿತು. ಹಿರಿಯ ಸೊಸೆ ಸುಮನಾಳಿಗೆ ಒಂದು ಸೀರೆ ತಂದರೆ ಕಿರಿಯ ಸೊಸೆ ಮೀರಾಳಿಗೂ ಅದೇ ಅಂಚಿನ ಸೀರೆ. ಒಬ್ಬಳಿಗೆ ಬೆಳ್ಳಿಯ ದೀಪ ಬಂದರೆ ಇನ್ನೊಬ್ಬಳಿಗೂ ಅಷ್ಟೇ ತೂಕದ್ದು. ಎಂಟು ವರ್ಷದ ಹಿಂದೆ ಇಬ್ಬರಿಗೂ ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಬಣ್ಣದ ಎರಡು ಲ್ಯಾಪ್‌ಟಾಪ್ ಕೊಂಡು, ಎರಡಕ್ಕೂ ವಿಭೂತಿ ಹಚ್ಚಿ ಹೂವಿಟ್ಟು ಕೊಟ್ಟಿದ್ದರು. ಭದ್ರಾವತಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಸುಮನಾಳಿಗೂ ಅದು ಬೇಕಿತ್ತು, ನವುಲೆಯ ಮನೆಯಲ್ಲಿ ಕೂತು ಕೃಷಿ ಕಾಲೇಜಿನ ವಿದ್ಯಾರ್ಥಿಗಳ ಪ್ರಬಂಧ ಟೈಪ್ ಮಾಡಿಕೊಡುತ್ತಿದ್ದ ಮೀರಾಳಿಗೂ ಬೇಕಿತ್ತು.

ಇಷ್ಟು ಸಮವಾಗಿ ಹಂಚಿದ ಮನೆಯಲ್ಲಿ ಹೊಟ್ಟೆಕಿಚ್ಚಿಗೆ ಜಾಗವೆಲ್ಲಿ ಎಂದು ಯಾರಾದರೂ ಕೇಳಬಹುದು. ಏನು ಹೇಳುವುದು, ಸಮವಾಗಿ ನೇಯ್ದ ಬಟ್ಟೆಯಲ್ಲಿ ಒಂದು ಎಳೆ ಜಾರಿದರೂ ಕಣ್ಣು ಅಲ್ಲಿಗೇ ಹೋಗುತ್ತದೆ.

ಆ ಎಳೆ ಜಾರಿದ್ದು ಶ್ರಾವಣದ ಎರಡನೆಯ ಸೋಮವಾರ. ಕಿರಿಯ ಮಗ ಜ್ಞಾನೇಶನ ಮನೆಯಲ್ಲಿದ್ದ ಮಾವನವರನ್ನು ಕಂಡು ಬರೋಣವೆಂದು ಸುಮನಾ ನವುಲೆಗೆ ಬಂದಿದ್ದಳು. ಮೀರಾ ಲ್ಯಾಪ್‌ಟಾಪ್ ತೆರೆದಳು. ಗುಂಡಿ ಒತ್ತಿದ್ದೇ ತಡ, ಪರದೆ ಬೆಳಗಿ ಕೆಲಸಕ್ಕೆ ಸಿದ್ಧವಾಯಿತು. ಸುಮನಾ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟಳು.

"ಏನೇ ಇದು, ಹೊಸದಾ?"

"ಇಲ್ಲಕ್ಕ, ಅದೇ ಹಳೇ ಡಬ್ಬ. ಮಾವ ದುರ್ಗಿಗುಡಿ ಬೀದಿಯ ರಿಪೇರಿ ಅಂಗಡಿಗೆ ತಗೊಂಡ್ಹೋಗಿ ಎಂಟು ಜಿಬಿದು ರ್ಯಾಮ್ ಹಾಕಿಸ್ಕೊಟ್ರು."

"ಹೌದಾ. ಒಳ್ಳೇದಾಯ್ತು ಬಿಡು," ಎಂದಳು ಸುಮನಾ. ಬಾಯಿ ನಕ್ಕಿತು. ಎದೆಯೊಳಗೆ ಮಾತ್ರ ಯಾರೋ ಹಸಿ ಸೌದೆಗೆ ಬೆಂಕಿ ಹಚ್ಚಿದಂತಾಯಿತು.

ಅವಳ ಲ್ಯಾಪ್‌ಟಾಪಿನ ಕತೆಯೇ ಬೇರೆ. ಬೆಳಿಗ್ಗೆ ಗುಂಡಿ ಒತ್ತಿ, ಒಲೆಯ ಮೇಲೆ ಹಾಲಿಟ್ಟು, ಲಿಂಗಪೂಜೆ ಮುಗಿಸಿ, ಪಾದೋದಕ ತೆಗೆದುಕೊಂಡು ಬಂದರೂ ಪರದೆಯ ಮೇಲೆ ಆ ಸಣ್ಣ ಚಕ್ರ ತಿರುಗುತ್ತಲೇ ಇರುತ್ತಿತ್ತು. ಆದರೂ ಅವಳಿಗೊಂದು ಸಮಾಧಾನವಿತ್ತು: ಕಳೆದ ನಾಲ್ಕು ವರ್ಷಗಳಿಂದ ಮೀರಾಳದ್ದು ಅದಕ್ಕಿಂತಲೂ ಮಂದ. ಒಂದು ದೀಪಾವಳಿಯಲ್ಲಿ ಮನೆಯವರೆಲ್ಲ ಫೋಟೋ ನೋಡಲು ಸುತ್ತ ಕೂತು, ಅದು ತೆರೆಯುವುದನ್ನೇ ಕಾಯುತ್ತಿದ್ದಾಗ ಸುಮನಾ ಎಲ್ಲರಿಗೂ ಕೇಳುವಂತೆ, "ಮೆಷಿನ್ನಿಗೂ ಯಜಮಾನಿ ಬುದ್ಧಿನೇ ಬಂದಿರ್ಬೇಕು, ಹೇಳಿದ್ದು ತಲೆಗೆ ಹೋಗೋಕೆ ಹೊತ್ತಾಗುತ್ತೆ," ಅಂದಿದ್ದಳು. ಎಲ್ಲರೂ ನಕ್ಕರು. ಮೀರಾಳೂ ನಕ್ಕಿದ್ದಳು.

ಇಷ್ಟಕ್ಕೇ ನಿಂತಿದ್ದರೆ ಹೊಗೆ ಆರುತ್ತಿತ್ತೋ ಏನೋ. ಆದರೆ ಮುರುಗೇಶಪ್ಪನವರು ದೇವರ ಗೂಡಿನಿಂದ ಕೆಂಪು ವಸ್ತ್ರದಲ್ಲಿ ಸುತ್ತಿದ ಪುಸ್ತಕವೊಂದನ್ನು ತಂದು ಮೀರಾಳ ಮುಂದಿಟ್ಟರು. ಅದು ಅತ್ತೆ ಮಹಾಂತಮ್ಮನವರ ಹಾಡಿನ ಪುಸ್ತಕ. ಅವರು ಲಿಂಗೈಕ್ಯರಾಗಿ ಬರುವ ಕಾರ್ತಿಕಕ್ಕೆ ಒಂದು ವರ್ಷ. ಸ್ಮರಣೆಯ ದಿನ ಬಂದವರಿಗೆ ಅವರ ಹಾಡುಗಳನ್ನು ಅಚ್ಚು ಮಾಡಿಸಿ ಹಂಚಬೇಕೆಂಬುದು ಮಾವನವರ ಆಸೆ.

"ಇದನ್ನ ಮೀರಾನೇ ಟೈಪ್ ಮಾಡ್ಲಿ, ಏನಂತೀಯಮ್ಮ ಸುಮನಾ? ಅವಳ ಮೆಷಿನ್ ಈಗ ಕುದುರೆ ಥರ ಓಡುತ್ತೆ."

"ಮಾಡ್ಲಿ ಮಾವ. ನನಗೇನು?"

ಏನು ಅಂದರೆ ಎಲ್ಲವೂ. ಇಪ್ಪತ್ತು ವರ್ಷ ಅತ್ತೆಯ ಪಕ್ಕದಲ್ಲಿ ಕೂತು ಹಾಡಿದವಳು ಸುಮನಾ. ಮದುವೆಯ ಅರಿಶಿನಕ್ಕಿರಲಿ, ತೊಟ್ಟಿಲ ಶಾಸ್ತ್ರಕ್ಕಿರಲಿ, ಮಹಾಂತಮ್ಮನವರು ಒಂದು ಸೊಲ್ಲು ಎತ್ತಿಕೊಟ್ಟರೆ ಮುಂದಿನದನ್ನು ಹಿಡಿಯುತ್ತಿದ್ದದ್ದು ಅವಳ ದನಿ. ಮೀರಾ ಆಗ ಹಿಂದೆ ಕೂತು ವೀಳ್ಯದೆಲೆ ಹಂಚುತ್ತಿದ್ದಳು. ಈಗ ಆ ಪುಸ್ತಕ ಅವಳ ತೊಡೆಯ ಮೇಲೆ!

ಭದ್ರಾವತಿಯ ಬಸ್ಸು ಮಲವಗೊಪ್ಪ ದಾಟುವ ಹೊತ್ತಿಗೆ ಸುಮನಾಳ ಮನಸ್ಸಿಗೆ ಒಂದು ವಿಷಯ ಹೊಳೆದು, ಕಿಟಕಿಯ ಕಡೆ ತಿರುಗಿ ಒಬ್ಬಳೇ ನಕ್ಕಳು. ಮಹಾಂತಮ್ಮನವರು ಯಾವ ಹಾಡನ್ನೂ ಪೂರ್ತಿ ಬರೆದವರಲ್ಲ. ಹಾಡುವವರು ಮೊದಲ ಸಾಲು ಬರೆದಿಟ್ಟುಕೊಂಡರೆ ಸಾಕು, ಮಿಕ್ಕದ್ದು ಗಂಟಲೇ ನೋಡಿಕೊಳ್ಳುತ್ತೆ ಅನ್ನುತ್ತಿದ್ದರು. ಆ ಮಿಕ್ಕದ್ದು ಇದ್ದದ್ದು ಇಬ್ಬರ ಗಂಟಲಲ್ಲಿ. ಒಬ್ಬರು ಶಿವನ ಪಾದ ಸೇರಿದ್ದರು. ಇನ್ನೊಬ್ಬಳು ಈ ಬಸ್ಸಿನಲ್ಲಿ ಕೂತಿದ್ದಳು. 'ಓಡಿಸಲಿ ಕುದುರೆ. ಎಷ್ಟು ದೂರ ಓಡುತ್ತೋ ನೋಡೋಣ.'

ಮೂರನೆಯ ದಿನ ಬೆಳಿಗ್ಗೆಯೇ ಫೋನು ಬಂತು.

"ಅಕ್ಕ, ಇದೇನು, ಅರವತ್ತು ಹಾಡು ಇದಾವೆ, ಎಲ್ಲಾ ಒಂದೊಂದೇ ಸಾಲು! ಮುಂದಿಂದು ನಿಮಗೆ ಬರುತ್ತಲ್ವಾ?"

"ಅಯ್ಯೋ ಮಾರಾಯ್ತಿ, ಅದೆಲ್ಲಾ ಯಾವ ಕಾಲದ್ದು. ಮರೆತೇಹೋಗಿದೆ."

"ಒಂದೂ ಬರಲ್ವಾ?"

"ಇಲ್ಲ ಅಂದ್ನಲ್ಲ. ನಿನ್ನ ಮೆಷಿನ್ ಅಷ್ಟು ಜೋರಾಗಿ ಓಡುತ್ತಂತಲ್ಲ, ಅದನ್ನೇ ಕೇಳು."

ಆ ಕಡೆ ಮೀರಾ ನಕ್ಕಳು. "ಕುದುರೆಗೆ ಹಾಡು ಬರಲ್ಲಕ್ಕ. ನೆನಪಾದ್ರೆ ಹೇಳಿ, ನಾನೇ ಭದ್ರಾವತಿಗೆ ಬರ್ತೀನಿ."

ಸುಮನಾ ಫೋನಿಟ್ಟಳು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮುಗಿಸಿ ಎದ್ದು ಬಂದು ಐದು ನಿಮಿಷವೂ ಆಗಿರಲಿಲ್ಲ, ಅದೇ ಬಾಯಲ್ಲಿ ಸುಳ್ಳು ಹೇಳಿದ್ದಳು. ಒಂದು ಗಳಿಗೆ ಚುರುಕ್ಕೆಂದಿತು. ಆದರೆ ಮಾವನವರು ತನ್ನ ಮೆಷಿನ್ನು ಹೇಗಿದೆಯೆಂದು ಒಂದು ಮಾತೂ ಕೇಳಲಿಲ್ಲವಲ್ಲ ಎಂಬುದು ನೆನಪಾಗಿ, ಆ ಚುರುಕು ಹೊಗೆಯಲ್ಲಿ ಕರಗಿಹೋಯಿತು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ನೇರ ದುರ್ಗಿಗುಡಿಗೆ ಹೋದಳು. ಮಹಡಿಯ ಮೇಲಿನ ಸಣ್ಣ ಅಂಗಡಿ. ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡ ಹರಿಪ್ರಸಾದ್ ಎಂಬ ನಡುವಯಸ್ಸಿನ ಮನುಷ್ಯ ಮುರುಗೇಶಪ್ಪನವರ ಹೆಸರು ಕೇಳಿದ್ದೇ ಕುರ್ಚಿ ಒರೆಸಿ ಕೊಟ್ಟ.

"ನನ್ನ ವಾರಗಿತ್ತಿಗೆ ಎಂಟು ಹಾಕಿದೀರಂತೆ. ನನಗೆ ಹದಿನಾರು ಹಾಕಿ."

"ಹದಿನಾರಾ? ಏನ್ಮಾಡ್ತೀರಿ ಮೇಡಂ, ಸಿನಿಮಾ ತೆಗೀತೀರಾ?"

"ಪ್ರಶ್ನೆಪತ್ರಿಕೆ ಮಾಡ್ತೀನಿ."

"ಅದಕ್ಕೆ ಎಂಟೇ ಧಾರಾಳ. ಇರ್ಲಿ, ಮೊದಲು ಬಿಚ್ಚಿ ನೋಡೋಣ."

ಅವನು ಲ್ಯಾಪ್‌ಟಾಪನ್ನು ಮಗುವಿನಂತೆ ಬೋರಲು ಮಲಗಿಸಿದ. ಒಂದೊಂದೇ ತಿರುಪು ತೆಗೆದು, ಯಾವುದು ಎಲ್ಲಿಯದೆಂದು ತಪ್ಪದಂತೆ ಕಾಗದದ ಮೇಲೆ ಅದೇ ಜಾಗದಲ್ಲಿ ಜೋಡಿಸಿಟ್ಟ. ತಳದ ಮುಚ್ಚಳ ಎತ್ತಿ, ಬ್ಯಾಟರಿಯ ತಂತಿ ಬಿಡಿಸಿ, ಎಂಟು ವರ್ಷದ ಧೂಳನ್ನು ಕುಂಚದಿಂದ ಗುಡಿಸಿದ. ನಡುವೆ ಬೆರಳಿನಷ್ಟು ಅಗಲದ ಎರಡು ಹಸಿರು ಪಟ್ಟಿಗಳು ಒಂದರ ಪಕ್ಕ ಒಂದು ಮಲಗಿದ್ದವು.

"ಇವೇ ನೋಡಿ ರ್ಯಾಮು. ನಾಲ್ಕು ಒಂದು, ನಾಲ್ಕು ಇನ್ನೊಂದು."

ಸುಮನಾ ಬಗ್ಗಿ ನೋಡಿದಳು. ಒಂದು ಪಟ್ಟಿಯ ಮೇಲೆ ಹಳದಿಯಾದ ಬಿಳಿ ಟೇಪಿನ ತುಂಡು. ಅದರ ಮೇಲೆ ನೀಲಿ ಶಾಯಿಯಲ್ಲಿ: ಮೀರಾ, ನವುಲೆ.

ಅವಳಿಗೆ ನೆತ್ತಿಯವರೆಗೂ ರಕ್ತ ಏರಿತು.

"ಏನ್ರೀ ಇದು! ನನ್ನ ಮೆಷಿನ್ನಲ್ಲಿ ಅವಳ ಹಳೇದು ಹೇಗೆ ಬಂತು? ನನ್ನ ಒಳ್ಳೇದು ತೆಗೆದು ಅವಳಿಗೆ ಹಾಕಿ, ಅವಳ ಕೆಟ್ಟದ್ದು ನನ್ನ ತಲೆಗೆ ಕಟ್ಟಿದೀರಾ? ಅದಕ್ಕೇ ಅವಳದ್ದು ಓಡೋದು, ನನ್ನದು ತೆವಳೋದು!"

ಹರಿಪ್ರಸಾದ್ ಕುಂಚ ಕೆಳಗಿಟ್ಟು ಕನ್ನಡಕ ಮೇಲೇರಿಸಿದ.

"ನಿಧಾನ ಮೇಡಂ. ಕೈಬರಹ ನನ್ನದೇ. ಲಾಕ್‌ಡೌನಲ್ಲಿ ನಿಮ್ಮ ಮೆಷಿನ್ ನಿಂತುಹೋಗಿತ್ತಲ್ಲ, ನೆನಪಿದೆಯಾ?"

ನೆನಪಿತ್ತು. ಎರಡನೆಯ ಸಲ ಊರೆಲ್ಲ ಮುಚ್ಚಿದಾಗ, ಹತ್ತನೆಯ ತರಗತಿಗೆ ಆನ್‌ಲೈನ್ ಪಾಠ ನಡೆಯುತ್ತಿದ್ದಾಗಲೇ ಪರದೆ ಕಪ್ಪಾಗಿತ್ತು. ಮೈದುನ ಜ್ಞಾನೇಶ್ ಪಾಸ್ ಮಾಡಿಸಿಕೊಂಡು ಬಂದು ಒಯ್ದು, ಎರಡೇ ದಿನಕ್ಕೆ ತಂದುಕೊಟ್ಟಿದ್ದ. ಏನಾಗಿತ್ತೆಂದು ಕೇಳಿದರೆ ಧೂಳು ಕೂತಿತ್ತು ಅಂದಿದ್ದ.

"ಧೂಳಲ್ಲ ಮೇಡಂ. ನಿಮ್ಮದರಲ್ಲಿ ಒಂದು ಪಟ್ಟಿ ಸತ್ತುಹೋಗಿತ್ತು. ಇನ್ನೊಂದರಲ್ಲೇ ನಡೆಸಿ ನೋಡಿದ್ರೆ ವಿಡಿಯೋ ನಿಂತು ನಿಂತು ಬರೋದು, ಪಾಠ ಆಗ್ತಿರ್ಲಿಲ್ಲ. ನನ್ನ ಹತ್ರ ಸ್ಟಾಕಿಲ್ಲ, ಲಾರಿ ಬರ್ತಿಲ್ಲ. ನಿಮ್ಮ ಮೈದುನರು ಅರ್ಧ ಎತ್ತಿದ ಶಟರ್ ಕೆಳಗೆ ನಿಂತು ಮನೆಗೆ ಫೋನ್ ಮಾಡಿದ್ರು. ಆಯಮ್ಮ, ನನ್ನದರಲ್ಲೂ ಎರಡಿದೆಯಲ್ಲ, ಒಂದು ತೆಗೆದು ಹಾಕಿಕೊಡಿ ಅಂದ್ರು. ಬಿಚ್ಚಿದ ಭಾಗಕ್ಕೆ ಯಜಮಾನರ ಹೆಸರು ಅಂಟಿಸದೆ ನಾನು ಟೇಬಲ್ ಮೇಲಿಡೋನಲ್ಲ. ಅದಕ್ಕೇ ಈ ಟೇಪು."

ಸುಮನಾ ಆ ಟೇಪಿನ ಕಡೆ ಮತ್ತೆ ಬಗ್ಗಿದಳು.

"ಆವತ್ತಿಂದ ಅವರದು ಒಂದೇ ಪಟ್ಟಿಯಲ್ಲಿ ಕುಂಟ್ತಾ ಇತ್ತು. ಮೊನ್ನೆ ಹೊಸದು ಕೂರಿಸಿದ್ದು ಆ ಖಾಲಿ ಜಾಗಕ್ಕೇ. ಅಕ್ಕನಿಗೆ ಹೇಳ್ಬೇಡಿ, ಗೊತ್ತಾದ್ರೆ ಬಿಚ್ಚಿಸಿ ವಾಪಸ್ ಕಳಿಸ್ತಾರೆ ಅಂತ ಆವತ್ತೇ ಹೇಳಿದ್ರು. ಇವತ್ತು ನೀವೇ ಬೈದಿದ್ದಕ್ಕೆ ಬಾಯಿಬಿಟ್ಟೆ."

ಕೆಳಗೆ ರಸ್ತೆಯಲ್ಲಿ ಆಟೋಗಳ ಗಲಾಟೆ. ಸುಮನಾಳಿಗೆ ಕೇಳಿಸಿದ್ದು ಆ ದೀಪಾವಳಿಯ ನಗು. ಮೆಷಿನ್ನಿಗೂ ಯಜಮಾನಿ ಬುದ್ಧಿ ಎಂದು ತಾನು ಹಂಗಿಸಿದಾಗ ಮೀರಾ ನಕ್ಕದ್ದು ಹೇಗೆ? ತಾನಾಗಿದ್ದರೆ ಅಲ್ಲೇ, ಎಲ್ಲರ ಮುಂದೆ, ಹೇಳಿಯೇ ಬಿಡುತ್ತಿದ್ದಳು. ನಾಲ್ಕು ವರ್ಷ ಆ ಮಾತು ಅವಳ ಬಾಯಲ್ಲಿ ಕೂತಿತ್ತು, ಹೊರಗೆ ಬರಲಿಲ್ಲ.

ನಾಚಿಕೆಯಾಯಿತೇ? ಆಯಿತು. ಆದರೆ ಇದ್ದದ್ದು ಇದ್ದಂತೆ ಹೇಳಬೇಕಲ್ಲ, ನಾಚಿಕೆಗಿಂತ ಮೊದಲು ಬಂದದ್ದು ಮತ್ತೆ ಹೊಟ್ಟೆಕಿಚ್ಚೇ. ಇಷ್ಟು ದಿನ ಅವಳ ಮೆಷಿನ್ನಿನ ಮೇಲೆ, ಪುಸ್ತಕದ ಮೇಲೆ. ಈಗ ಅವಳ ಆ ಮುಚ್ಚಿದ ಬಾಯಿಯ ಮೇಲೆ. ಅದು ತನಗೇಕೆ ಬರಲಿಲ್ಲ, ಶಿವನೇ?

"ಎರಡೇ ಜಾಗ ಇರೋದು ಮೇಡಂ," ಹರಿಪ್ರಸಾದ್ ಅಂದ. "ಹೊಸದು ಕೂರಿಸ್ಬೇಕಾದ್ರೆ ಒಂದು ಹೊರಗೆ ಬರ್ಬೇಕು. ಈ ಟೇಪ್ ಇರೋದನ್ನೇ ಬಿಚ್ಚಿ ಕವರಲ್ಲಿ ಹಾಕಿಕೊಡ್ಲಾ?"

ಕೊಡು ಎಂದು ನಾಲಿಗೆಯ ತುದಿಗೆ ಬಂತು. ಕವರು ಹಿಡಿದು ನವುಲೆಗೆ ಹೋಗಬಹುದು. ಮಾವನವರ ಮುಂದೆಯೇ, 'ತಗೋ ನಿನ್ನದು' ಎಂದು ಮೇಜಿನ ಮೇಲಿಡಬಹುದು. ಅಲ್ಲಿಗೆ ಇಬ್ಬರೂ ಸಮ. ಆ ಚಿತ್ರ ಕಣ್ಣಿಗೆ ಕಟ್ಟಿ ಒಂದು ಗಳಿಗೆ ಹಿತವಾಯಿತು. ಆಮೇಲೆ ಅದೂ ವೇಷ ಹಾಕಿದ ಹೊಟ್ಟೆಕಿಚ್ಚೇ ಎಂದು ಅವಳಿಗೆ ಕಂಡಿತು.

"ಬೇಡ. ನನ್ನದನ್ನ ಬಿಚ್ಚಿ. ಅದು ಅಲ್ಲೇ ಇರ್ಲಿ."

"ಟೇಪಾದ್ರೂ ತೆಗೀಲಾ?"

"ಇರ್ಲಿ. ಮತ್ತೆ, ಹದಿನಾರು ಬೇಡ. ಎಂಟೇ ಹಾಕಿ."

ಹೊಸ ಪಟ್ಟಿ ಟಕ್ಕೆಂದು ಕೂತಿತು. ಅವಳು ಹೊರಗೆ ಬಂದು ಭದ್ರಾವತಿಯ ಬಸ್ಸು ಹಿಡಿಯಲಿಲ್ಲ. ನವುಲೆಗೆ ಹೋಗುವ ಸಿಟಿ ಬಸ್ಸು ಹತ್ತಿದಳು.

ಮೀರಾ ನಡುಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. ಮಾವನವರು ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದರು. ಪರದೆಯ ಮೇಲೆ ಒಂದು ಸಾಲು, ಕೆಳಗೆ ಪುಟವೆಲ್ಲ ಖಾಲಿ. ಮತ್ತೆ ಒಂದು ಸಾಲು, ಮತ್ತೆ ಖಾಲಿ.

"ಇದೇನೇ, ಇಷ್ಟಿಷ್ಟು ಜಾಗ ಬಿಟ್ಟಿದೀಯ?"

"ನಿಮಗೇ ಅಕ್ಕ. ಬರ್ತೀರಿ ಅಂತ."

"ಮರೆತಿದೆ ಅಂದಿದ್ನಲ್ಲ."

"ಅಂದ್ರಿ."

"ಸುಳ್ಳು ಹೇಳಿದೆ ಕಣೆ."

"ಗೊತ್ತು," ಎಂದಳು ಮೀರಾ, ಪರದೆಯಿಂದ ಕಣ್ಣು ತೆಗೆಯದೆ. "ಕಾಲು ತೊಳ್ಕೊಂಡು ಬನ್ನಿ. ಕಾಫಿ ಇಡ್ತೀನಿ."

ಟೇಪಿನ ಮಾತು ಸುಮನಾಳ ಗಂಟಲವರೆಗೂ ಬಂದಿತ್ತು. ಆಡಲಿಲ್ಲ. ಮೀರಾಳಲ್ಲಿ ಇರುವಷ್ಟೇ ತೂಕದ ಮಾತೊಂದು ತನ್ನಲ್ಲೂ ಆಡದೆ ಉಳಿಯಲಿ ಎಂದುಕೊಂಡಳು. ಅದರಲ್ಲೂ ಒಂದು ಚೂರು ಹೊಟ್ಟೆಕಿಚ್ಚು ಇತ್ತೆಂದರೆ ಶಿವ ಕ್ಷಮಿಸಿಯಾನು.

ಕಾಲು ತೊಳೆದು ಬಂದು, ಸೆರಗು ಸರಿಮಾಡಿಕೊಂಡು ಚಾಪೆಯ ಮೇಲೆ ಕೂತಳು. ಮೀರಾ ಮೊದಲ ಸಾಲು ಓದಿದಳು: "ಹೊಳೆಗೆ ಹೋದ ಗೌರಿ, ಹೊತ್ತಾಯ್ತು ಬಾರೆ."

"ಕೊಡದೊಳಗೆ ಚಂದಿರನ ತುಂಬಿಕೊಂಡು ಬಾರೆ," ಎಂದು ಸುಮನಾ ಎತ್ತಿಕೊಂಡಳು. ಒಂದರ ಹಿಂದೆ ಒಂದು ಸೊಲ್ಲು ಹರಿದು ಬಂತು, ಕಟ್ಟಿಟ್ಟ ನೀರು ತೂಬು ಕಂಡಂತೆ. ಮುರುಗೇಶಪ್ಪನವರು ಕಣ್ಣು ಬಿಡಲಿಲ್ಲ, ಅವರ ಬೆರಳು ಮಾತ್ರ ತೊಡೆಯ ಮೇಲೆ ತಾಳ ಹಿಡಿಯಿತು. ಮೀರಾಳ ಕೈ ಕೀಲಿಗಳ ಮೇಲೆ ಎಡವಿತು.

"ಅಕ್ಕ, ಅಕ್ಕ, ಸ್ವಲ್ಪ ನಿಧಾನ! ಇಷ್ಟು ಜೋರಾಗಿ ಹೋದ್ರೆ ನನ್ನ ಕೈಲಿ ಹಿಡಿಯೋಕಾಗಲ್ಲ."

ಆ ಮಾತು ಸುಮನಾಳಿಗೆ ಎಷ್ಟು ಸಿಹಿಯಾಗಿ ಕೇಳಿಸಿತೋ, ಅದನ್ನು ಅವಳು ಯಾರಿಗೂ ಹೇಳಲಿಲ್ಲ. ದನಿ ಇಳಿಸಿ, ಮೊದಲ ಸೊಲ್ಲಿನಿಂದ ಮತ್ತೆ ಶುರುಮಾಡಿದಳು.